ಮಾಂಬಲಂ ಬರುವ ಮುಂಚೆ

ಅನಸೂಯಳ ಮಾತು ಬಂದಾಗಲೆಲ್ಲ ನಮ್ಮ ಹಳೆಯ ಆಫೀಸಿನವರು "ಪಾಪ" ಅನ್ನುತ್ತಾರೆ. ಆ ಎರಡಕ್ಷರ ಕೇಳಿದರೆ ನನಗೆ ಮೈ ಉರಿಯುತ್ತದೆ. ಪಾಪವಂತೆ! ಮೂರು ವರ್ಷ ಅವಳು ಈ ಮದರಾಸಿನಲ್ಲಿ ಎಷ್ಟು ಖುಷಿಯಾಗಿದ್ದಳು ಅನ್ನುವುದು ಇವರಿಗೇನು ಗೊತ್ತು? ನನಗೆ ಗೊತ್ತು, ನಾನು ಪಕ್ಕದಲ್ಲೇ ಇದ್ದೆ. ಆ ಖುಷಿಗೆ ಕಲ್ಲು ಹಾಕಿದವಳೂ ನಾನೇ. ಆದ್ದರಿಂದ ಹೇಳಬೇಕಾದವಳೂ ನಾನೇ.

ಗುಟ್ಟನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಕಡೆಗೆ ಬಿಚ್ಚುವ ಜಾತಿ ನನ್ನದಲ್ಲ. ಮೊದಲೇ ಹೇಳಿಬಿಡುತ್ತೇನೆ. ಅನಸೂಯ ವಿಧವೆ. ಹದಿನೈದಕ್ಕೆ ಮದುವೆಯಾಯಿತು, ಹದಿನಾರು ತುಂಬುವುದರೊಳಗೆ ಗಂಡ ವಿಷಮಶೀತ ಜ್ವರದಲ್ಲಿ ಹೋದ. ಅವಳು ಅತ್ತೆಮನೆಯ ಹೊಸಿಲನ್ನೂ ತುಳಿದಿರಲಿಲ್ಲ. ಅವನ ಮುಖ ನೋಡಿದ್ದು ಧಾರೆಯ ದಿನ ಮಾತ್ರ, ಅದೂ ಹೊಗೆಯಲ್ಲಿ. ಅವಳ ಅಣ್ಣ ಕೃಷ್ಣಪ್ರಸಾದ ಪೆರಂಬೂರಿನ ರೈಲ್ವೆ ಕಾರ್ಖಾನೆಯಲ್ಲಿ ಗುಮಾಸ್ತ. ತಾಯಿ ಶಾರದಮ್ಮ ತಲೆ ಬೋಳಿಸಿಕೊಂಡು ಕೆಂಪು ಸೀರೆ ಉಡುತ್ತಿದ್ದ ಹಳೆಯ ಕಾಲದ ಮಡಿ ಹೆಂಗಸು. ಮದುವೆಗೆ ಬೆಳೆದು ನಿಂತ ತಂಗಿ ಬೇಬಿ. ಮೈಸೂರು ಕಡೆಯ ಜನ, ಪಲ್ಲಾವರಂನಲ್ಲಿ ಬಾಡಿಗೆ ಮನೆ. ಅಣ್ಣ ಕೆಟ್ಟವನೇನಲ್ಲ. ತಂಗಿಯ ತಲೆ ಬೋಳಿಸಲು ಬಿಡಲಿಲ್ಲ, ಎಸ್ಸೆಸ್ಸೆಲ್ಸಿ ಓದಿಸಿದ, ಟೈಪಿಂಗ್ ಕಲಿಸಿದ, ಕೆಲಸಕ್ಕೂ ಕಳಿಸಿದ. ಆದರೆ ಹಣೆಗೆ ಕುಂಕುಮ, ತಲೆಗೆ ಹೂವು, ಕೈಗೆ ಬಳೆ ಇವು ಮೂರು ಕೂಡದು. ಅಷ್ಟೇ ಆ ಮನೆಯ ಕಟ್ಟು.

ಅನಸೂಯ ಆ ಕಟ್ಟನ್ನು ಮನೆಯಲ್ಲಿ ಒಂದು ದಿನವೂ ಮುರಿಯಲಿಲ್ಲ. ರೈಲಿನಲ್ಲಿ ಮುರಿದಳು. ತಾಂಬರಂನಿಂದ ಬೀಚ್ ಸ್ಟೇಷನ್ನಿಗೆ ಹೋಗುವ ಲೋಕಲ್ ಗಾಡಿ ಎಂಟೂವರೆಗೆ ಪಲ್ಲಾವರಂಗೆ ಬರುತ್ತಿತ್ತು. ಬೋಳು ಹಣೆಯಲ್ಲಿ ಹೆಂಗಸರ ಕಂಪಾರ್ಟ್‌ಮೆಂಟಿಗೆ ಹತ್ತುತ್ತಿದ್ದಳು. ಮೀನಂಬಾಕ್ಕಂ ದಾಟುತ್ತಿದ್ದ ಹಾಗೆ ಊಟದ ಚೀಲದಿಂದ ಮುಲಾಮಿನ ಹಳೇ ತಗಡಿನ ಡಬ್ಬಿ ಹೊರಗೆ ಬರುತ್ತಿತ್ತು. ಅದರಲ್ಲಿ ಕುಂಕುಮ. ತಾಂಬರಂನಿಂದ ಬರುತ್ತಿದ್ದ ಸುಮತಿ ಟೀಚರ್ ತಮ್ಮ ಕೈಚೀಲದ ಪುಟ್ಟ ಕನ್ನಡಿ ತೆಗೆದು ಅವಳ ಮುಖಕ್ಕೆ ಹಿಡಿಯುತ್ತಿದ್ದರು. ಗಾಡಿ ಅಲುಗಾಡುವಾಗ ಇಟ್ಟ ಕುಂಕುಮ ಸೊಟ್ಟಗಾದರೆ ಅವರೇ ಬೆರಳಿನಿಂದ ತಿದ್ದುತ್ತಿದ್ದರು. ಆಮೇಲೆ ಕೈಗೆ ಬಳೆ. ಗಿಂಡಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತಿತ್ತು. ಸಾಯಂಕಾಲ ಇದೇ ತಿರುಗುಮುರುಗು. ಗಿಂಡಿ ದಾಟಿದ ಮೇಲೆ ಎಣ್ಣೆ ಸವರಿದ ಬಟ್ಟೆಯ ಚೂರಿನಿಂದ ಹಣೆ ಒರೆಸಿಕೊಂಡು, ಬಳೆ ಕಳಚಿ ಕರವಸ್ತ್ರದಲ್ಲಿ ಗಂಟು ಕಟ್ಟಿ, ಮುಡಿದ ಹೂವನ್ನು ಟೀಚರ್ ಕೈಗೆ ಕೊಟ್ಟು ಪಲ್ಲಾವರಂನಲ್ಲಿ ಇಳಿಯುತ್ತಿದ್ದಳು.

ತಾಂಬರಂ, ಕ್ರೋಂಪೇಟೆ ಕಡೆಯಿಂದ ಬರುವ ಆರೇಳು ಹೆಂಗಸರಿಗೆ ಇದೆಲ್ಲ ಗೊತ್ತಿತ್ತು. ಒಬ್ಬರೂ ತುಟಿ ಬಿಚ್ಚಲಿಲ್ಲ. ಹೆಂಗಸರ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಅನ್ನುವ ಗಂಡಸರು ಆ ಗಾಡಿ ಹತ್ತಿ ನೋಡಬೇಕಿತ್ತು.

ನಾನು ಹತ್ತುತ್ತಿದ್ದುದು ಮಾಂಬಲಂನಲ್ಲಿ, ಗಿಂಡಿಯಾದ ಮೇಲೆ ಎರಡನೇ ನಿಲ್ದಾಣ. ಸಾಯಂಕಾಲ ಇಳಿಯುತ್ತಿದ್ದುದೂ ಅಲ್ಲೇ. ಹಾಗಾಗಿ ನನ್ನ ಕಣ್ಣಿಗೆ ಬಿದ್ದದ್ದು ಹಣೆ ತುಂಬ ಕುಂಕುಮವಿದ್ದ ಅನಸೂಯ ಮಾತ್ರ. ಇಬ್ಬರಿಗೂ ಇಪ್ಪತ್ತೋ ಇಪ್ಪತ್ತೊಂದೋ, ಒಂದೇ ಇನ್ಷೂರೆನ್ಸ್ ಆಫೀಸು, ಒಂದೇ ಟೈಪಿಂಗ್ ಕೋಣೆ. ಅವಳಿಗೂ ಮದುವೆಯಾಗಿಲ್ಲ ನನಗೂ ಆಗಿಲ್ಲ ಅಂತಲೇ ನಾನು ತಿಳಿದಿದ್ದೆ. ಅರ್ಜಿಯಲ್ಲಿ ಅವಳ ಹೆಸರಿನ ಮುಂದೆ ಅಪ್ಪನ ಹೆಸರಿನ ಅಕ್ಷರವೇ ಇತ್ತು, ಯಾರು ಕೇಳುತ್ತಾರೆ?

ಪರಿಚಯವಾದದ್ದು ಐವತ್ತಾರರ ಜೂನ್‌ನಲ್ಲಿ. ಯಾರೋ ನನ್ನ ಕಾಲು ತುಳಿದರು. "ಅಯ್ಯೋ ಶನೀ, ಬೆರಳೇ ಜಜ್ಜಿಹೋಯ್ತಲ್ಲೇ!" ಎಂದು ಕಿರುಚಿದೆ. ಮದರಾಸಿನಲ್ಲಿ ಕನ್ನಡದಲ್ಲಿ ಬಯ್ದರೆ ಒಂದು ಅನುಕೂಲ, ಬೈಸಿಕೊಂಡವರಿಗೆ ತಿಳಿಯುವುದಿಲ್ಲ. ಅವತ್ತು ತಿಳಿಯಿತು. ತುಳಿದವಳು ಕಿಸಕ್ಕನೆ ನಕ್ಕು, "ಶನಿ ಅಲ್ಲ, ಅನಸೂಯ" ಅಂದಳು. ಅಲ್ಲಿಂದ ಮೂರು ವರ್ಷ ನಾವು ಅಂಟಿಕೊಂಡೇ ಇದ್ದೆವು.

ಅವಳ ಖುಷಿಗಳೆಲ್ಲ ಅಂಗೈಯಲ್ಲಿ ಹಿಡಿಸುವಂಥವು. ಮಧ್ಯಾಹ್ನ ಡಬ್ಬಿಯ ಮೊಸರನ್ನ ಮುಗಿಸಿ ಅರ್ಮೇನಿಯನ್ ಸ್ಟ್ರೀಟಿನ ಉಡುಪಿ ಹೋಟೆಲಿಗೆ ಕಾಫಿಗೆ ಹೋಗುತ್ತಿದ್ದೆವು. ಅರ್ಧ ಬಾಗಿಲಿನ ಫ್ಯಾಮಿಲಿ ರೂಮಿನಲ್ಲಿ ಕುಳಿತುಕೊಳ್ಳುತ್ತಿದ್ದೆವು. ಮೋನಪ್ಪ ಅಂತ ಒಬ್ಬ ಸಪ್ಲೈಯರ್, ನಮ್ಮ ಕನ್ನಡ ಕೇಳಿದರೆ ಸಾಕು, ಬೇರೆ ಮೇಜು ಬಿಟ್ಟು ಓಡಿ ಬರುತ್ತಿದ್ದ. "ಅಕ್ಕ, ಇವತ್ತು ಗೋಳಿಬಜೆ ಉಂಟು. ಬಿಸಿ ಉಂಟು. ತರುವುದಾ?" ಅನ್ನುವನು. ಅನಸೂಯ ಕಾಫಿಯನ್ನು ಲೋಟದಿಂದ ಬಟ್ಟಲಿಗೆ, ಬಟ್ಟಲಿಂದ ಲೋಟಕ್ಕೆ ಹತ್ತು ಸಲ ಎತ್ತಿ ಸುರಿಯುತ್ತಿದ್ದಳು, ಕುಡಿಯುತ್ತಿರಲಿಲ್ಲ. "ಕುಡಿಯೇ ಮಾರಾಯ್ತಿ, ಟೈಮಾಯ್ತು" ಅಂದರೆ, "ಇರೇ, ಕುಡಿದ್ರೆ ಮುಗಿದುಹೋಗುತ್ತಲ್ಲ" ಅನ್ನುವಳು.

ತಿಂಗಳಿಗೊಮ್ಮೆ ಚೈನಾ ಬಜಾರಿಗೆ ಹೋಗಿ ಬಳೆ ಹಾಕಿಸಿಕೊಳ್ಳುತ್ತಿದ್ದೆವು. ಬಳೆಗಾರ ಕೈ ಒತ್ತಿ ಒತ್ತಿ ತೊಡಿಸುವಾಗ ನಾನು ಹಾ, ಹೂ ಎಂದು ಅರಚಿದರೆ, ಇವಳು ಕಣ್ಣು ಮುಚ್ಚಿ ಸುಮ್ಮನೆ ಕೂರುತ್ತಿದ್ದಳು. ಯಾವಾಗಲೂ ಒಂದು ಸೈಜು ದೊಡ್ಡದೇ ಬೇಕು. "ಜಾರಿ ಬೀಳುತ್ತಲ್ಲೇ, ಬಿಗಿಯಾಗಿರೋದು ತೊಗೋ" ಅಂದರೆ, "ಇರ್ಲಿ ಬಿಡೇ, ಬಿಗಿ ಬಳೆ ತೆಗೆಯೋಕೆ ಕಷ್ಟ" ಅಂದಳು. ಬಳೆ ಯಾಕೆ ತೆಗೆಯಬೇಕು ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ. ಎದುರಿಗಿದ್ದ ಸೆಟ್ಟಿಯ ಅಂಗಡಿ ಮಿಠಾಯಿಯ ಮೇಲೆ ಕಣ್ಣಿಟ್ಟುಕೊಂಡು ನಿಂತಿದ್ದೆ.

ಸಾಯಂಕಾಲ ಬೀಚ್ ಸ್ಟೇಷನ್ನಿನ ಬಾಗಿಲಲ್ಲಿ ಹೂ ಮಾರುವ ಅಮ್ಮಣ್ಣಿಯ ಹತ್ತಿರ ಒಂದು ಮೊಳ ಕದಂಬ. ಮಲ್ಲಿಗೆ, ಕನಕಾಂಬರ, ಮರುಗ ಸೇರಿಸಿ ಕಟ್ಟಿದ್ದು. ನಾನು ಹೂ ಕೊಂಡರೆ ಒಂದು ನಿಮಿಷ. ಅವಳಿಗೆ ಹತ್ತು ನಿಮಿಷ. ಪ್ರತಿ ಮಾಲೆಯನ್ನೂ ಎತ್ತಿ ನೋಡಿ, ಅಮ್ಮಣ್ಣಿಯ ಜೊತೆ ಜಗಳವಾಡಿ, ಕೊಸರು ಕೇಳಿ, ಮುಡಿದುಕೊಂಡು, ಸರಿಯಾಗಿದೆಯಾ ನೋಡು ಎಂದು ನನಗೆ ಬೆನ್ನು ತಿರುಗಿಸಿ ನಿಲ್ಲುವಳು. "ಇನ್ನು ಮನೆಗೆ ಹೋಗೋ ಹೊತ್ತಲ್ಲಿ ಯಾರಿಗೆ ತೋರಿಸೋಕೆ ಈ ಅಲಂಕಾರ?" ಎಂದು ನಾನು ಗೊಣಗುತ್ತಿದ್ದೆ. ಬೀಚ್‌ನಿಂದ ಗಿಂಡಿಗೆ ಅರ್ಧ ಗಂಟೆಯ ದಾರಿ. ಒಂದು ಮೊಳ ಹೂವಿಗೆ ಅವಳ ಪಾಲಿಗೆ ಸಿಗುತ್ತಿದ್ದುದು ಅಷ್ಟೇ ಹೊತ್ತು.

ಶನಿವಾರ ಅರ್ಧ ದಿನ. ಮನೆಯಲ್ಲಿ ಓವರ್‌ಟೈಮ್ ಅಂತ ಹೇಳಿ ಒಮ್ಮೊಮ್ಮೆ ಮ್ಯಾಟಿನಿಗೆ ಹೋಗುತ್ತಿದ್ದೆವು, ಒಮ್ಮೊಮ್ಮೆ ಮರೀನಾಕ್ಕೆ. ಸಿನಿಮಾಕ್ಕಿಂತ ಅವಳಿಗೆ ಇಂಟರ್‌ವಲ್ ಮೇಲೆ ಆಸೆ. ದೀಪ ಹತ್ತಿದ ಕೂಡಲೇ ಎದ್ದು ನಿಂತು ಹಿಂದೆ ತಿರುಗುವಳು. ನಾನು ಜನರನ್ನು ನೋಡುತ್ತಾಳೆ ಅಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಜನ ಅವಳನ್ನು ನೋಡಲಿ ಎಂದು ನಿಲ್ಲುತ್ತಿದ್ದಳು. ಆಫೀಸಿನಲ್ಲೂ ನೋಡುವವರಿದ್ದರು. ಡಿಸ್ಪ್ಯಾಚಿನ ರಾಮದಾಸ, ಮಂಗಳೂರು ಕಡೆಯವನು, ಟೈಪಾದ ಕಾಗದ ತೆಗೆದುಕೊಂಡು ಹೋಗಲು ಜವಾನನನ್ನು ಕಳಿಸುವ ಬದಲು ತಾನೇ ಬರುತ್ತಿದ್ದ. ಒಂದು ದಿನ ಕಿವಿ ಕೆಂಪು ಮಾಡಿಕೊಂಡು, "ನಿಮಗೆ ನೀಲಿ ಚೆಂದ ಕಾಣ್ತದೆ" ಎಂದು ಹೇಳಿ ಓಡಿಹೋದ. ಅನಸೂಯ ಆ ಹಾಳೆಯಲ್ಲಿ ಏಳು ತಪ್ಪು ಟೈಪು ಮಾಡಿದಳು. ಅದಕ್ಕಿಂತ ಹೆಚ್ಚಿನದು ಏನೂ ನಡೆಯಲಿಲ್ಲ, ಅವಳಿಗೆ ಬೇಕಾಗಿಯೂ ಇರಲಿಲ್ಲ. ಒಂದು ವಾರ ಆ ಮಾತನ್ನೇ ಹೇಳಿ ಹೇಳಿ ನನ್ನ ತಲೆ ತಿಂದಳು.

ಇಷ್ಟೆಲ್ಲ ಇದ್ದೂ ಮನೆಗೆ ಮಾತ್ರ ಕರೆಯುತ್ತಿರಲಿಲ್ಲ. "ಅಮ್ಮ ಮಡಿ ಕಣೇ, ಯಾರು ಬಂದ್ರೂ ಆಗಲ್ಲ" ಅನ್ನುತ್ತಿದ್ದಳು. ನಮ್ಮ ಮನೆಗೂ ಬರುತ್ತಿರಲಿಲ್ಲ. ನವರಾತ್ರಿಗೆ ನಮ್ಮಲ್ಲಿ ಒಂಬತ್ತು ಮೆಟ್ಟಿಲಿನ ಗೊಂಬೆ ಕೂರಿಸುವ ವಾಡಿಕೆ. ಮಾಂಬಲಂನ ಅರ್ಧ ಜನ ಬಂದು ಅರಿಶಿನ ಕುಂಕುಮ ತೆಗೆದುಕೊಂಡು, ಕಡಲೆಯ ಸುಂಡಲ್ ತಿಂದು ಹೋಗುತ್ತಿದ್ದರು. ಮೂರು ವರ್ಷ ಕರೆದೆ, ಮೂರು ವರ್ಷವೂ ಏನೋ ನೆವ ಹೇಳಿ ತಪ್ಪಿಸಿಕೊಂಡಳು. ಐವತ್ತೊಂಬತ್ತರಲ್ಲಿ ನನಗೆ ರೇಗಿಹೋಯಿತು. ಗಾಡಿಯಲ್ಲಿ ಎಲ್ಲರ ಮುಂದೆಯೇ ಕೇಳಿದೆ.

"ಈ ಸಲ ನೀನು ಬರ್ದೇ ಇದ್ರೆ ನಿನ್ನ ಜೊತೆ ಟೂ ಬಿಟ್ಟೆ ಅಂತ ತಿಳ್ಕೋ. ನಮ್ಮಮ್ಮ ದಿನಾ ಕೇಳ್ತಾಳೆ, ಎಲ್ಲೇ ನಿನ್ನ ಫ್ರೆಂಡು ಅಂತ."

ಅವಳು ಒಂದು ಕ್ಷಣ ಸುಮತಿ ಟೀಚರ್ ಮುಖ ನೋಡಿದಳು. ಆಮೇಲೆ ನಗುತ್ತ, "ಹೋಗೇ, ಬಾಯಿಮಾತಲ್ಲಿ ಕರೆದ್ರೆ ಯಾರು ಬರ್ತಾರೆ? ಕುಂಕುಮಕ್ಕೆ ಕರೆಯೋರು ಮನೆಗೆ ಬಂದು, ಕುಂಕುಮ ಕೊಟ್ಟು ಕರೀತಾರೆ" ಅಂದಳು.

ನನ್ನ ಬಾಯಿ ಮುಚ್ಚಿಸಲು ಅವಳಿಗೆ ಹೊಳೆದ ನೆವ ಅದು. ಪಲ್ಲಾವರಂವರೆಗೆ ಇವಳೆಲ್ಲಿ ಬರುತ್ತಾಳೆ ಅಂದುಕೊಂಡಿರಬೇಕು. ನಮ್ಮ ಜನರ ಪದ್ಧತಿಯೂ ಹೌದು: ಬಾಯಿಮಾತಿನ ಕರೆ ಕರೆಯಲ್ಲ. ನಾನು ಮಾತ್ರ ಅದನ್ನು ಸವಾಲು ಅಂತ ತೆಗೆದುಕೊಂಡೆ. ಓಹೋ, ಹಾಗೋ ವಿಷಯ, ಮರ್ಯಾದೆಯಾಗಿ ಕರೆಯಲಿಲ್ಲ ಅಂತ ಇವಳಿಗೆ ಕೋಪವೋ, ನೋಡೇಬಿಡೋಣ!

ಆಫೀಸಿನ ಜವಾನನ ಕೈಯಲ್ಲಿ ಅವಳ ವಿಳಾಸ ತೆಗೆಸಿದೆ. ನವರಾತ್ರಿಯ ಭಾನುವಾರ ಬೆಳಿಗ್ಗೆ ತಲೆಗೆ ಎರೆದುಕೊಂಡು, ರೇಷ್ಮೆ ಸೀರೆ ಉಟ್ಟು, ಅಮ್ಮನ ಬೆಳ್ಳಿ ಕುಂಕುಮ ಭರಣಿ ಚೀಲದಲ್ಲಿಟ್ಟುಕೊಂಡು ಹೊರಟೆ. ಅಮ್ಮ ಅಡುಗೆಮನೆಯಿಂದಲೇ ಕೂಗಿ ಕೇಳಿದಳು, "ಯಾರ ಮನೆ, ಎಂಥ ಮನೆ ಅಂತ ವಿಚಾರಿಸಿದೀಯೇನೇ? ಗೊತ್ತಿಲ್ಲದ ಮನೆಗೆ ಹಾಗೆ ಕುಂಕುಮ ತೊಗೊಂಡು ಹೋಗಬಾರ್ದು."

"ಅಯ್ಯೋ ಶುಮ್ಮಾ ಇರಮ್ಮಾ, ನನ್ನ ಫ್ರೆಂಡ್ ಮನೇನ ನಾನೇನು ವಿಚಾರಿಸೋದು?" ಅಂದೆ. ಎರಡು ತಲೆಮಾರಿನಿಂದ ಮಾಂಬಲಂನಲ್ಲಿದ್ದ ನಮ್ಮ ಮನೆಯ ಕನ್ನಡವೇ ಹಾಗೆ, ಅರ್ಧ ತಮಿಳು.

ಮನೆ ಸಿಕ್ಕಿತು. ಬಾಗಿಲು ತೆಗೆದವರು ಶಾರದಮ್ಮ. ಕೆಂಪು ಸೀರೆಯ ಸೆರಗು ತಲೆಯ ಮೇಲೆ. ಇವರು ಮಡಿಯವರು ಅಂತ ಗೊತ್ತಿತ್ತಾದ್ದರಿಂದ ಎರಡು ಹೆಜ್ಜೆ ದೂರ ನಿಂತೆ.

"ಯಾರಮ್ಮ?"

"ನಾನು ಜಯಲಕ್ಷ್ಮೀ ಅಂತ, ಅನಸೂಯನ ಆಫೀಸಿನೋಳು. ಗೊಂಬೆ ಕೂರ್ಸಿದೀವಿ. ಕುಂಕುಮಕ್ಕೆ ಕರೆಯೋಣ ಅಂತ ಬಂದೆ."

ಆಕೆಯ ಮುಖ ಅರಳಿತು. ಮನೆಯಲ್ಲಿ ಮದುವೆಯಾಗದ ಮಗಳು ಬೇಬಿ ಇದ್ದಾಳಲ್ಲ, ಅವಳನ್ನು ಕರೆಯಲು ಬಂದಿದ್ದೇನೆ ಅಂತ ತಿಳಿದರು. "ಬಾಮ್ಮ, ಒಳಗೆ ಬಾ. ಇಷ್ಟು ದೂರ ಬಂದಿದೀಯ. ಬೇಬೀ, ಕುಂಕುಮಕ್ಕೆ ಕರೆಯೋಕೆ ಬಂದಿದಾರೆ ನೋಡು!" ಒಳಗೆ ಕುರ್ಚಿಯಲ್ಲಿ ಕೃಷ್ಣಪ್ರಸಾದ ಪೇಪರ್ ಓದುತ್ತಿದ್ದ. ಎದ್ದು ನಿಂತು ಕೈ ಮುಗಿದ. ಬೇಬಿ ಬಂದಳು, ಅವಳ ಹಣೆಗೆ ಕುಂಕುಮವಿಟ್ಟೆ. ಅಷ್ಟರಲ್ಲಿ ಹಿತ್ತಲ ಕಡೆಯಿಂದ ಒಗೆದ ಬಟ್ಟೆಯ ಬಕೆಟ್ಟು ಹಿಡಿದುಕೊಂಡು ಅನಸೂಯ ಬಂದು ಬಾಗಿಲಲ್ಲಿ ನಿಂತಳು.

ಬೋಳು ಹಣೆ, ಬರಿ ಕೈ, ಮಾಸಲು ಬಿಳಿ ಸೀರೆ. ನನ್ನನ್ನು ಕಂಡು ಬಕೆಟ್ಟು ಕೆಳಗಿಟ್ಟಳು. ಬೇಡ ಅನ್ನುವ ಹಾಗೆ ತಲೆಯಾಡಿಸಿದಳು, ಸ್ವಲ್ಪವೇ ಸ್ವಲ್ಪ. ಎರಡು ನಿಮಿಷ ಸುಮ್ಮನೆ ನಿಂತು ಯೋಚಿಸಿದ್ದರೆ ಕುರುಡಿಗೂ ತಿಳಿಯುತ್ತಿತ್ತು. ಯೋಚಿಸುವ ಅಭ್ಯಾಸ ನನಗೆಲ್ಲಿದೆ? ಈಗ ತಾನೇ ಸ್ನಾನವಾಗಿದೆ ಅಂದುಕೊಂಡೆ. ನಾನು ಗೆದ್ದೆ ಅನ್ನುವ ಹಿಗ್ಗು ಬೇರೆ.

"ಏನೇ, ಬಂದ್ಬಿಟ್ಟೆ ನೋಡು! ಬಾಯಿಮಾತಲ್ಲ, ಕುಂಕುಮ ತೊಗೊಂಡೇ ಬಂದಿದೀನಿ. ಅಯ್ಯೇ, ಇದೇನೇ ಬೋಳು ಹಣೆ? ಹಬ್ಬದ ದಿನ ಹೀಗಿರ್ತಾರೇನೇ?" ಎನ್ನುತ್ತ ನಾಲ್ಕು ಹೆಜ್ಜೆಯಲ್ಲಿ ಅವಳ ಹತ್ತಿರ ಹೋಗಿ, ಗದ್ದ ಹಿಡಿದು, ಹಣೆಯ ನಟ್ಟನಡುವೆ ಕಾಸಗಲ ಕುಂಕುಮ ಇಟ್ಟೇಬಿಟ್ಟೆ. ಅವಳು ನನ್ನ ಕೈ ತಡೆಯಲಿಲ್ಲ. ಕಣ್ಣು ಮುಚ್ಚಿಕೊಂಡಳು.

"ಅಯ್ಯೋ ತಾಯೀ, ಏನು ಮಾಡ್ದೆ!" ಶಾರದಮ್ಮನ ದನಿ ಹಿಂದಿನಿಂದ ಬಂತು. "ಅವಳಿಗಿಡಬಾರ್ದಮ್ಮಾ. ಅವಳಿಗೆ ಆ ಭಾಗ್ಯ ಇಲ್ಲ. ಗಂಡ ಹೋಗಿ ಏಳು ವರ್ಷ ಆಯ್ತು."

ಇಲ್ಲಿಗೆ ನಿಲ್ಲಿಸಿದ್ದರೂ ಅನಸೂಯ ಉಳಿಯುತ್ತಿದ್ದಳು. ಯಾರೋ ತಿಳಿಯದ ಹುಡುಗಿ ತಪ್ಪು ಮಾಡಿದಳು, ಒರೆಸಿದರಾಯಿತು ಅಂತ ಅವರು ಬಿಡುತ್ತಿದ್ದರು. ಆದರೆ ಈ ಹಾಳು ಬಾಯಿ! ತಲೆಯಲ್ಲಿ ಏನೂ ಓಡದೆ, ನಾನೇನೂ ತಪ್ಪು ಮಾಡಿಲ್ಲ ಅಂತ ಸಾಧಿಸುವವಳ ಹಾಗೆ, "ಇಲ್ವಲ್ಲ! ದಿನಾ ಇಟ್ಕೊಂಡೇ ಬರ್ತಾಳಲ್ಲ! ಹೂವೂ ಮುಡೀತಾಳೆ, ಬಳೇನೂ ಹಾಕ್ಕೋತಾಳೆ..." ಅಂದುಬಿಟ್ಟೆ.

ಕೃಷ್ಣಪ್ರಸಾದ ಪೇಪರನ್ನು ಮಡಿಸಿ ಕುರ್ಚಿಯ ಮೇಲಿಟ್ಟ. ನನ್ನನ್ನು ಕೇಳಲಿಲ್ಲ, ಅವಳನ್ನೇ ಕೇಳಿದ.

"ದಿನಾನಾ ಅನಸೂಯಾ?"

"ಹೂಂ."

"ಎಷ್ಟು ದಿವಸದಿಂದ?"

"ಕೆಲಸಕ್ಕೆ ಸೇರಿದಾಗಿಂದ."

ಅವನು ಕೂಗಾಡಿದ್ದರೆ, ಕೈ ಎತ್ತಿದ್ದರೆ, ನಾನು ಅಡ್ಡ ಹೋಗಿ ನಾಲ್ಕು ಮಾತಾಡಿ ನನ್ನ ಪಾಪ ಸ್ವಲ್ಪ ಇಳಿಸಿಕೊಳ್ಳುತ್ತಿದ್ದೆ. ಆ ಮನುಷ್ಯ ಅಳಲು ಶುರುಮಾಡಿದ. ಮೀಸೆ ಹೊತ್ತ ಗಂಡಸು, ಪರಕೀಯಳಾದ ನನ್ನೆದುರಿಗೆ. "ಊರೆಲ್ಲ ಬೇಡ ಅಂದಾಗ ನಿನ್ನ ನಂಬಿ ಓದಿಸಿದೆನಲ್ಲೇ. ನಂಬಿ ಕಳಿಸಿದೆನಲ್ಲೇ" ಅಂದ. ಶಾರದಮ್ಮ ತಮ್ಮ ಸೆರಗಿನ ತುದಿ ಒದ್ದೆ ಮಾಡಿಕೊಂಡು ಬಂದು ಮಗಳ ಹಣೆಯನ್ನು ನೆಲ ಉಜ್ಜುವ ಹಾಗೆ ಉಜ್ಜಿದರು. ನಮ್ಮಮ್ಮ ಮನೆಯಲ್ಲೇ ಮಾಡಿದ ಒಳ್ಳೇ ಕುಂಕುಮ, ಸುಲಭವಾಗಿ ಹೋಗುವಂಥದ್ದಲ್ಲ. ನಾನು ಹೊರಗೆ ಬರುವಾಗಲೂ ಕೆಂಪು ಹಾಗೇ ಇತ್ತು.

ಮನೆಗೆ ಬಂದು ಅಮ್ಮನ ಮುಂದೆ ಹೇಳಿಕೊಂಡು ಅತ್ತೆ. ಅವಳು ಬಯ್ಯಲೂ ಇಲ್ಲ. "ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು" ಎಂದು ಹೇಳಿ ಭರಣಿಯನ್ನು ದೇವರ ಮುಂದೆ ಇಟ್ಟಳು.

ಸೋಮವಾರ ಅನಸೂಯ ಬರಲಿಲ್ಲ. ಮಂಗಳವಾರ ಬೋಳು ಹಣೆಯಲ್ಲೇ ಬಂದಳು. ಪಕ್ಕದಲ್ಲಿ ಶಾರದಮ್ಮ. ರೈಲ್ವೆಯವರ ಮನೆಗೆ ಪಾಸಿನದೇನು ಕಷ್ಟ? ಬೆಳಿಗ್ಗೆ ಬೀಚ್‌ವರೆಗೆ ಬಂದು ಮಗಳನ್ನು ಆಫೀಸಿನ ಮೆಟ್ಟಿಲವರೆಗೆ ಬಿಟ್ಟು, ಅದೇ ಗಾಡಿಗೆ ಹಿಂದಿರುಗಿ, ಸಾಯಂಕಾಲ ಐದಕ್ಕೆ ಮತ್ತೆ ಬಂದು ಕರೆದುಕೊಂಡು ಹೋಗುತ್ತಿದ್ದರು. ಹೆಂಗಸರ ಕಂಪಾರ್ಟ್‌ಮೆಂಟಿನಲ್ಲಿ ಯಾರೂ ನಗುತ್ತಿರಲಿಲ್ಲ. ಮಾಂಬಲಂನಲ್ಲಿ ನಾನು ಹತ್ತಿದರೆ ತಲೆ ತಗ್ಗಿಸಿ ಬಾಗಿಲ ಬಳಿಯೇ ನಿಲ್ಲುತ್ತಿದ್ದೆ. ಎರಡನೇ ದಿನ ಬೀಚ್ ಸ್ಟೇಷನ್ನಿನಲ್ಲಿ ಸುಮತಿ ಟೀಚರ್ ನನ್ನ ರಟ್ಟೆ ಹಿಡಿದು ಪಕ್ಕಕ್ಕೆ ಎಳೆದರು. "ಎನ್ನಡೀ ಪಣ್ಣಿಟ್ಟೇ ನೀ!" ಏನು ಮಾಡಿಬಿಟ್ಟೆಯೇ ನೀನು ಎಂದು ಶುರುಮಾಡಿ, ಕನ್ನಡಿ, ಡಬ್ಬಿ, ಎಣ್ಣೆ ಬಟ್ಟೆ ಎಲ್ಲವನ್ನೂ ತಮಿಳಿನಲ್ಲಿ ಹೇಳಿದರು. ನನಗೆ ಎಲ್ಲ ತಿಳಿದದ್ದು ಆಗ. ಮೂರು ವರ್ಷ ಆರೇಳು ಜನ ಪರಕೀಯರು ಕಾಪಾಡಿದ್ದನ್ನು ಪ್ರಾಣಸ್ನೇಹಿತೆ ಅನ್ನಿಸಿಕೊಂಡವಳು ಅರ್ಧ ಗಂಟೆಯಲ್ಲಿ ಮುಗಿಸಿದ್ದೆ.

ಆಫೀಸಿನಲ್ಲಿ ಒಬ್ಬರೂ ಅವಳನ್ನು ಏನೂ ಕೇಳಲಿಲ್ಲ. ಕೇಳದೆಯೇ ಬದಲಾದರು. ರಾಮದಾಸ ಮತ್ತೆ ಜವಾನನನ್ನೇ ಕಳಿಸತೊಡಗಿದ. ಒಂದು ದಿನ ಎದುರಿಗೆ ಸಿಕ್ಕಾಗ ಬದಿಗೆ ಸರಿದು, "ಹೋಗಿ ಅಮ್ಮ" ಅಂದ. ಅವನಿಗಿಂತ ಎರಡು ವರ್ಷ ಚಿಕ್ಕವಳು ಅವಳು. ಸರಸ್ವತಿ ಪೂಜೆಯ ದಿನ ಟೈಪ್‌ರೈಟರುಗಳಿಗೆಲ್ಲ ಕುಂಕುಮ ಹಚ್ಚಿದರು, ತಟ್ಟೆ ಅವಳ ಮೇಜಿನ ಹತ್ತಿರ ಬಂದಾಗ ಹಿಡಿದಿದ್ದವಳು ಮೆಲ್ಲಗೆ ದಾಟಿಸಿಕೊಂಡು ಹೋದಳು. ಅನಸೂಯಳ ಮಿಷಿನ್ನಿಗೂ ಕುಂಕುಮವಿಲ್ಲ. ಮಧ್ಯಾಹ್ನದ ಕಾಫಿಯೂ ನಿಂತಿತು. ನಾನೊಬ್ಬಳೇ ಒಂದು ಸಲ ಹೋದೆ. ಮೋನಪ್ಪ, "ಇನ್ನೊಂದು ಅಕ್ಕ ಬರ್ಲಿಲ್ವಾ? ಹುಷಾರಿಲ್ವಾ?" ಅಂದ. ಕಾಫಿ ಬಿಟ್ಟು ಎದ್ದು ಬಂದೆ. ನಾನು ಕ್ಷಮಿಸು ಅಂತ ಕೇಳಲು ಹೋದಾಗಲೆಲ್ಲ ಅನಸೂಯ, "ಆ ಲೆಟರ್ ಇವತ್ತೇ ಹೋಗ್ಬೇಕು ಕಣೇ" ಅಂತ ಮಿಷಿನ್ನಿನ ಕಡೆ ತಿರುಗುತ್ತಿದ್ದಳು.

ಶಾರದಮ್ಮನನ್ನು ಶಪಿಸೋಣ ಅಂದರೆ ಅದಕ್ಕೂ ಆಕೆ ಬಿಡಲಿಲ್ಲ. ಒಂದು ಸಾಯಂಕಾಲ ಅಮ್ಮಣ್ಣಿಯ ಹೂವಿನ ಬುಟ್ಟಿಯ ಪಕ್ಕದಲ್ಲಿ ಮಗಳಿಗಾಗಿ ಕಾಯುತ್ತ ನಿಂತಿದ್ದರು. ನಾನು ಮೊದಲು ಬಂದೆ. "ನಿನ್ನ ತಪ್ಪೇನಿಲ್ಲಮ್ಮ, ನೀನು ಕೊರಗಬೇಡ" ಅಂದರು. ಆಮೇಲೆ ಹೂವನ್ನೇ ನೋಡುತ್ತ, "ನಂಗೂ ಮಲ್ಲಿಗೆ ಅಂದ್ರೆ ಪ್ರಾಣ ಇತ್ತು. ಇಪ್ಪತ್ತೆಂಟಕ್ಕೆ ಹೋಯ್ತು ಎಲ್ಲ. ಏನು ಮಾಡೋದು, ಬೇಬಿ ಮದುವೆ ಆಗ್ಬೇಕಲ್ಲ. ಇಂಥ ಮನೆ ಅಂತ ಯಾರಾದ್ರೂ ಅಂದ್ರೆ?" ಅಂದರು. ನನಗೆ ಅವರ ಮೇಲಿದ್ದ ಸಿಟ್ಟೂ ಹೋಯಿತು. ಸಿಟ್ಟು ಮಾಡಿಕೊಳ್ಳಲು ನಾನೊಬ್ಬಳೇ ಉಳಿದೆ.

ಅರವತ್ತರ ಮೇ ತಿಂಗಳಲ್ಲಿ ಬೇಬಿಯ ಮದುವೆಯಾಯಿತು. ಗಂಡನ ಜೊತೆ ಅವಳು ಹುಬ್ಬಳ್ಳಿಗೆ ಹೋದಳು. ಜೂನ್‌ಗೆ ಶಾರದಮ್ಮನ ಮಂಡಿ ಸೋತಿತು, ಗಾಡಿ ಹತ್ತಲು ಆಗುವುದಿಲ್ಲವೆಂದು ನಿಲ್ಲಿಸಿದರು. ಎಂಟು ತಿಂಗಳ ಮೇಲೆ ಅನಸೂಯ ಒಬ್ಬಳೇ ಬರುವ ಸೋಮವಾರ. ಹಿಂದಿನ ದಿನದಿಂದ ನನಗೆ ಸಮಾಧಾನವಿಲ್ಲ. ಇನ್ನು ಯಾರ ಕಾವಲೂ ಇಲ್ಲ, ಯಾರ ಮದುವೆಯ ಭಯವೂ ಇಲ್ಲ. ಮಾಂಬಲಂಗೆ ಗಾಡಿ ಬಂತು. ನುಗ್ಗಿ ಒಳಗೆ ಹೋಗಿ ನೋಡಿದೆ. ಬೋಳು ಹಣೆ. ಸುಮತಿ ಟೀಚರ್ ನನ್ನ ಕಡೆ ನೋಡಿ ತಲೆಯಾಡಿಸಿದರು. ಅವರು ಕನ್ನಡಿ ತೆಗೆದು ಹಿಡಿದರಂತೆ. ಇವಳು ಅವರ ಕೈಯನ್ನು ಮೆಲ್ಲಗೆ ಮಡಿಸಿ, "ಬೇಡ ಟೀಚರ್" ಅಂದಳಂತೆ.

ಆವತ್ತು ಸಾಯಂಕಾಲ ನಾನು ಮಾಂಬಲಂನಲ್ಲಿ ಇಳಿಯಲಿಲ್ಲ. ಅವಳು ಆಶ್ಚರ್ಯದಿಂದ ನೋಡಿದಳು. ಸೈದಾಪೇಟೆ ಹೋಯಿತು, ಗಿಂಡಿ ಹೋಯಿತು. ಸುಮತಿ ಟೀಚರ್ ತಾವಾಗಿ ಎದ್ದು ಆ ತುದಿಗೆ ಹೋಗಿ ಕುಳಿತರು. ಗಿಂಡಿಯ ಆಚೆಯ ಆ ದಾರಿಯಲ್ಲಿ ಅವಳ ಜೊತೆ ನಾನು ಒಂದು ದಿನವೂ ಬಂದಿರಲಿಲ್ಲ.

"ಯಾಕೇ ಬೇಡ?" ಎಂದು ಕೇಳಿದೆ. "ಈಗ ಯಾರಿಗೆ ಹೆದರ್ತೀಯ? ನನ್ನ ಮೇಲಿನ ಸಿಟ್ಟಿಗೆ ನಿನ್ನ ನೀನು ಯಾಕೆ ಸಾಯಿಸ್ಕೋತೀಯ? ನಂಗೆ ನಾಲ್ಕು ಬಾರಿಸಿಬಿಡೇ, ಆದ್ರೆ ಕುಂಕುಮ ಇಟ್ಕೋ."

"ನಿನ್ನ ಮೇಲೆ ಸಿಟ್ಟಿಲ್ಲ ಜಯಾ."

"ಮತ್ತೆ?"

ಅವಳು ಕಿಟಕಿಯ ಸರಳು ಹಿಡಿದುಕೊಂಡಳು. ಆಮೇಲೆ ನಿಧಾನವಾಗಿ ಹೇಳಿದಳು.

"ಟೀಚರ್ ಕನ್ನಡಿ ಹಿಡಿಯೋರು, ಆ ಕ್ರೋಂಪೇಟೆ ಮಾಮಿ ಬಳೆ ಎತ್ತಿಕೊಡೋರು. ಎಲ್ರೂ ಒಳ್ಳೆಯವರೇ. ಆದ್ರೆ ಅವರ ಕಣ್ಣಲ್ಲಿ ನಾನು ಕುಂಕುಮ ಇಟ್ಕೊಂಡ ವಿಧವೆ. ಅಯ್ಯೋ ಪಾಪ, ಇಟ್ಕೊಳ್ಲಿ ಬಿಡು ಅಂತ ನೋಡೋರು. ಮಾಂಬಲಂ ಬರ್ತಿತ್ತು, ನೀನು ಹತ್ತುತ್ತಿದ್ದೆ. 'ಏ ಮುಂಡೇದೇ, ಸರಿಯೇ ಆ ಕಡೆ' ಅಂತ ನೂಕ್ತಿದ್ದೆ. ಗೊತ್ತಿರೋರು ಯಾರಾದ್ರೂ ನಂಗೆ ಆ ಬೈಗುಳ ಬೈತಾರೇನೇ? ಆಗ ನಂಗೆ ಎಷ್ಟು ಸಂತೋಷ ಆಗ್ತಿತ್ತು ಗೊತ್ತಾ? ಇಡೀ ಮದರಾಸಲ್ಲಿ ನಿನ್ನೊಬ್ಬಳ ಹತ್ರ ನಾನು ನಿಜವಾಗ್ಲೂ ಮದುವೆ ಆಗ್ದಿರೋ ಹುಡುಗಿ. ಕುಂಕುಮ ಇಟ್ಕೋತಿದ್ದಿದ್ದೇ ನೀನು ಹತ್ತೋ ಹೊತ್ತಿಗೆ ತಯಾರಾಗಿರೋಣ ಅಂತ."

"ಈಗ್ಲೂ ನಾನು..."

"ಈಗ ನೀನೂ ಅವರ ಹಾಗೇ ನೋಡ್ತೀಯ ಜಯಾ. ಈಗ್ಲೂ ನೋಡ್ತಿದೀಯ."

ನಾನು ಮುಖ ಬೇರೆ ಕಡೆ ತಿರುಗಿಸಬೇಕೆಂದುಕೊಂಡೆ, ಆಗಲಿಲ್ಲ. ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ.

ಪಲ್ಲಾವರಂ ಬಂತು. ಅವಳು ಚೀಲ ತೆಗೆದುಕೊಂಡು ಇಳಿದಳು, ನಾನೂ ಇಳಿದೆ. "ವಾಪಸ್ ಗಾಡಿ ಆ ಕಡೆ ಪ್ಲಾಟ್‌ಫಾರ್ಮಿಗೆ ಬರುತ್ತೆ, ಸೇತುವೆ ಹತ್ತಿ ಹೋಗು. ಹುಷಾರು, ಮೆಟ್ಟಿಲು ಸರಿಯಿಲ್ಲ" ಅಂದಳು. ಸಂಜೆಯ ಬಿಸಿಲು ಇನ್ನೂ ಇತ್ತು. ಗೇಟು ದಾಟಿ ಅವಳು ಮನೆಯ ದಾರಿ ಹಿಡಿದಳು. ಜೊತೆಯಲ್ಲಿ ಬರಲೇ ಎಂದು ನಾನು ಕೇಳಲಿಲ್ಲ. ಒಂದು ಸಲ ಆ ಮನೆಗೆ ಕರೆಯದೆ ಹೋಗಿದ್ದು ಸಾಕಾಗಿತ್ತು.